ಗಾಳಿ ಹೊಡೆಸಿ, ಸಾಕು ಅಂದಿದ್ದೆ

ಮಕ್ಕಳ ಓದಿಗೆ ಅಂತ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದು, ಅದು ಸರಿಯಾಗಿ ಬೇಕಾದ ವಾರದಲ್ಲೇ ಕೈಕೊಟ್ಟಿದ್ದು ನಿಮ್ಮ ಮನೆಯಲ್ಲಿ ಆಗಿದೆಯಾ? ಹೊತ್ತುಕೊಂಡು ಅಂಗಡಿಗೆ ಹೋದರೆ, ಅಲ್ಲಿ ಕೂತವರು ಮುಚ್ಚಳ ತೆಗೆದು ನೋಡಿ, "ಏನ್ ಮಾಡಿದ್ರಿ ಇದಕ್ಕೆ?" ಅಂತ ನಿಮ್ಮನ್ನೇ ಕಳ್ಳರ ಹಾಗೆ ಕೇಳಿದ್ದಾರಾ? ಹಾಗೆ ಕೇಳುತ್ತಿದ್ದವರಲ್ಲಿ ನಾನೂ ಒಬ್ಬಳು.

ನಾನು ಗೀತಾ. ಪೀಣ್ಯದ ಕಾರ್ಖಾನೆಗಳ ಪಕ್ಕದ ಬಾಗಲಗುಂಟೆಯ ಒಂದು ಹಳೇ ಕಂಪ್ಯೂಟರ್ ಅಂಗಡಿಯಲ್ಲಿ ಹದಿನೆಂಟು ವರ್ಷ ರಿಪೇರಿ ಕೆಲಸ ಮಾಡಿದೆ. ಬಿಟ್ಟು ಎರಡು ವರ್ಷವಾಯಿತು. ಸಣ್ಣ ಸ್ಕ್ರೂಗಳು ಕಣ್ಣಿಗೆ ಕಾಣದಂತಾದವು, ಅಷ್ಟೇ ಕಾರಣ. ಬೀಳ್ಕೊಡುಗೆ, ಶಾಲು, ಹಾರ ಏನೂ ಇರಲಿಲ್ಲ. ಈಗ ಹುಡುಗ ಹುಡುಗಿಯರು ಇನ್‌ಬಾಕ್ಸಿಗೆ ಬಂದು "ಮೇಡಂ, ಹಾರ್ಡ್‌ವೇರ್ ಲೈನಿಗೆ ಬರಬಹುದಾ, ಏನು ಕಲಿಯಬೇಕು?" ಅಂತ ಕೇಳುತ್ತಾರೆ. ಯಾವ ಕೋರ್ಸು ಒಳ್ಳೆಯದು ಅಂತ ನನಗೆ ಗೊತ್ತಿಲ್ಲ. ನಾನು ಮಾಡಿದ ಒಂದು ತಪ್ಪು ಗೊತ್ತಿದೆ. ಅದನ್ನೇ ಹೇಳುತ್ತೇನೆ.

ಮೊದಲು ಆ ಕೆಲಸ ಹೇಗಿತ್ತು ಅಂತ ಕೇಳಿ. ವೈಟ್‌ಫೀಲ್ಡ್ ಕಡೆಯ ದೊಡ್ಡ ಆಫೀಸುಗಳಲ್ಲಿ ಮೂರ್ನಾಲ್ಕು ವರ್ಷಕ್ಕೊಮ್ಮೆ ಕಂಪ್ಯೂಟರ್ ಬದಲಾಯಿಸುತ್ತಿದ್ದರು. ಹಳೆಯವು ಒಟ್ಟಿಗೆ ಐವತ್ತು, ನೂರು ಅಂತ ಲಾಟಿನಲ್ಲಿ ಡೀಲರುಗಳ ಕೈಗೆ ಬೀಳುತ್ತಿದ್ದವು. ಅದರಲ್ಲಿ ಒಂದಿಷ್ಟು ಟೆಂಪೋ ಹತ್ತಿ ನಮ್ಮ ಅಂಗಡಿಗೆ ಬರುತ್ತಿದ್ದವು. ಎಲ್ಲಾ ಒಂದೇ ಕಂಪನಿ, ಒಂದೇ ಮಾಡೆಲ್, ಒಂದೇ ಬಣ್ಣ. ಮೈಮೇಲಿನ ಆಫೀಸಿನ ಸ್ಟಿಕ್ಕರನ್ನು ಥಿನ್ನರ್ ಹಾಕಿ ಉಜ್ಜಿ ತೆಗೆಯುವುದೇ ನನ್ನ ಮೊದಲ ಕೆಲಸ. ಆಮೇಲೆ ರ‍್ಯಾಮ್ ಹೆಚ್ಚಿಸಿ, ಒಂದಿಡೀ ದಿನ ಓಡಿಸಿ ನೋಡಿ, ಕಾಲೇಜು ಮಕ್ಕಳಿಗೆ ಮಾರುತ್ತಿದ್ದೆವು. ಹೊಸದರ ಅರ್ಧ ಬೆಲೆಗೂ ಕಡಿಮೆ. ಲ್ಯಾಪ್‌ಟಾಪ್ ಎಲ್ಲರ ಕೈಗೆ ಬರುವ ಮುಂಚಿನ ಮಾತು ಇದು. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರ ಮನೆಗೆ ಹೋದ ಮೊದಲ ಕಂಪ್ಯೂಟರ್ ಹೆಚ್ಚಾಗಿ ನಮ್ಮಂಥ ಅಂಗಡಿಯದ್ದೇ.

ಆ ಯಂತ್ರಗಳ ಒಂದು ಕಷ್ಟ ಏನೆಂದರೆ, ಮೂರು ವರ್ಷ ಎಸಿಯಲ್ಲಿ ತಣ್ಣಗೆ ಕೂತು ಬಂದವು ನಮ್ಮ ಏರಿಯಾದಲ್ಲಿ ಮೂರು ತಿಂಗಳಿಗೇ ಉಬ್ಬಸ ಪಡುತ್ತಿದ್ದವು. ಇಲ್ಲಿನ ಧೂಳು ಬರೀ ಮಣ್ಣಿನ ಧೂಳಲ್ಲ. ಗ್ರೈಂಡಿಂಗ್ ಶೆಡ್ಡುಗಳ ಪುಡಿ, ಲಾರಿಗಳ ಹೊಗೆ, ಎಲ್ಲಾ ಸೇರಿ ಒಳಗಿನ ಫ್ಯಾನಿಗೆ ಕಂಬಳಿ ಹೊದಿಸಿದ ಹಾಗೆ ಕೂರುತ್ತಿತ್ತು. ಬಿಸಿಯಾಗಿ ಯಂತ್ರ ತಾನಾಗಿ ಆಫ್ ಆಗುತ್ತಿತ್ತು. ಅದಕ್ಕೇ ಮಾರುವಾಗ ಎಲ್ಲರಿಗೂ ಒಂದು ಮಾತು ಹೇಳುತ್ತಿದ್ದೆ. "ಮೂರು ತಿಂಗಳಿಗೊಂದ್ಸಲ ಮುಚ್ಚಳ ತೆಗೆದು ಗಾಳಿ ಹೊಡೆಸಿ, ಸಾಕು." ಬಸ್ ಕಂಡಕ್ಟರ್ ಸ್ಟಾಪಿನ ಹೆಸರು ಕೂಗುವ ಹಾಗೆ, ಮುಖ ನೋಡದೆ ಹೇಳುತ್ತಿದ್ದೆ. ಅಂಗಡಿಯಲ್ಲಿ ನನ್ನ ಹತ್ತಿರ ಅಂಗೈ ಅಗಲದ ಒಂದು ಬ್ಲೋಯರ್ ಇತ್ತು. ಗಾಳಿ ಅಂದರೆ ನನ್ನ ತಲೆಯಲ್ಲಿ ಅದರ ಗಾಳಿ.

ಒಂದು ಭಾನುವಾರ ಶರಣಪ್ಪನವರು ಮಗಳು ರೇಣುಕಾಳನ್ನು ಕರೆದುಕೊಂಡು ಬಂದರು. ಗದಗದ ಕಡೆಯವರು. ಪೀಣ್ಯದ ಒಂದು ಮಷೀನ್ ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಆಪರೇಟರ್. ಮಗಳು ಇಂಜಿನಿಯರಿಂಗ್ ಕೊನೆಯ ವರ್ಷ. ಒಳಗೆ ಬಂದವರೇ ನನ್ನನ್ನು ನೋಡಿ, "ರಿಪೇರಿ ಸಾರ್ ಇಲ್ಲೇನ್ರಿ?" ಅಂದರು.

"ನಾನೇ ರಿಪೇರಿ ಸಾರ್," ಅಂದೆ.

ಮಗಳು ನಕ್ಕಳು. ಅವರು ನಗಲಿಲ್ಲ. "ಹಂಗಾದ್ರ ನೀವ ತೋರಸ್ರಿ ಮೇಡಂ," ಅಂದು ಚಪ್ಪಲಿ ಬಿಟ್ಟು ಹತ್ತಿರ ಬಂದರು.

ನಮ್ಮ ಅಂಗಡಿಯ ಯಜಮಾನರು ಮುನಿರಾಜಣ್ಣ. ಬಾಗಲಗುಂಟೆಯವರೇ, ಹೊಲ ಹೋಗಿ ಕಟ್ಟಡ ಆದಮೇಲೆ ಕೆಳಗಿನ ಮಳಿಗೆಯಲ್ಲಿ ಈ ಅಂಗಡಿ ಇಟ್ಟಿದ್ದರು. ನೀಲಿ ಲೈಟು ಮಿನುಗುವ ಹೊಸ ಡಬ್ಬದೊಳಗೆ ಹಳೇ ಸಾಮಾನು ತುಂಬಿದ ಒಂದು ಸಿಪಿಯು ಹೇಗಾದರೂ ಮಾರಿ ಮುಗಿಸಬೇಕು ಅಂತ ಅವರಿಗಿತ್ತು. ಅದನ್ನೇ ಮುಂದೆ ತಳ್ಳಿದರು. ಶರಣಪ್ಪನವರು ಲೈಟು ನೋಡಲೇ ಇಲ್ಲ. ಡಬ್ಬದ ಅಂಚಿನ ಮೇಲೆ ಬೆರಳು ಎಳೆದರು. ಉಗುರಿನಿಂದ ತಗಡು ತಟ್ಟಿ ಕಿವಿಗೊಟ್ಟರು. "ತಗಡ ಭಾಳ ತೆಳ್ಳಗ ಐತ್ರಿ. ಅಂಚಿನ ಚೂಪು ಉಜ್ಜದ ಹಂಗ ಬಿಟ್ಟಾರ, ಕೈ ಕೊಯ್ತೈತಿ. ಹೊರಗ ಇಷ್ಟ ಮಾಡಿದವರು ಒಳಗ ಏನ್ ಮಾಡಿರ್ತಾರ?" ಅಂದರು. ಆಮೇಲೆ ಮೂಲೆಯಲ್ಲಿದ್ದ ವೈಟ್‌ಫೀಲ್ಡ್ ಲಾಟಿನ ಕಪ್ಪು ಸಿಪಿಯು ಒಂದನ್ನು ಎತ್ತಿ ನೋಡಿ, "ಇದು ಮಷೀನು," ಅಂದರು.

ಮುನಿರಾಜಣ್ಣ ಮುಖ ಹುಳ್ಳಗೆ ಮಾಡಿಕೊಂಡರು. ನನಗೆ ಒಳಗೊಳಗೇ ಖುಷಿ. ನನಗೂ ಅದೇ ಒಳ್ಳೆಯದು ಅಂತ ಗೊತ್ತಿತ್ತು, ಯಜಮಾನರ ಮುಂದೆ ಹೇಳುವ ಹಾಗಿರಲಿಲ್ಲ.

ಹೊರಡುವಾಗ ಅವರು ಕೇಳಿದರು, "ಇದಕ್ಕ ಮೆಂಟೆನೆನ್ಸ್ ಏನ್ರಿ ಮೇಡಂ?"

ಅಲ್ಲಿವರೆಗೆ ಯಾವ ಗಿರಾಕಿಯೂ ಕೇಳದ ಪ್ರಶ್ನೆ ಅದು. ನಾನು ಬಿಲ್ಲು ಬರೆಯುತ್ತಾ ನನ್ನ ಮಾಮೂಲಿ ಮಾತು ಹೇಳಿದೆ. "ಮೂರು ತಿಂಗಳಿಗೊಂದ್ಸಲ ಗಾಳಿ ಹೊಡೆಸಿ, ಸಾಕು."

"ಎಷ್ಟ್ ಪ್ರೆಶರ್ ಮ್ಯಾಲ ಹೊಡೀಬೇಕ್ರಿ?"

ನಾನು ನಕ್ಕುಬಿಟ್ಟೆ. "ಅಯ್ಯೋ, ಟ್ರ್ಯಾಕ್ಟರ್ ಏನ್ರೀ ಇದು? ಧೂಳು ಹೋದ್ರೆ ಆಯ್ತು ಹೋಗ್ರಿ." ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳೂ ನಕ್ಕರು. ಶರಣಪ್ಪನವರು ತಲೆಯಾಡಿಸಿ ಸಿಪಿಯು ಹೆಗಲಿಗೇರಿಸಿಕೊಂಡು ಹೋದರು.

ನಾಲ್ಕು ತಿಂಗಳಾದ ಮೇಲೆ ಒಂದು ಬುಧವಾರ, ಹನ್ನೊಂದು ಗಂಟೆ ಹೊತ್ತಿಗೆ, ಅದೇ ಹೆಗಲ ಮೇಲೆ ಅದೇ ಸಿಪಿಯು ವಾಪಸ್ ಬಂತು. ಹಿಂದೆ ರೇಣುಕಾ. ಅತ್ತು ಕಣ್ಣು ಊದಿಕೊಂಡಿತ್ತು.

"ಅಕ್ಕ, ಆನ್ ಆಗ್ತಿಲ್ಲ. ಶುಕ್ರವಾರ ಹತ್ತು ಗಂಟೆಗೆ ಪ್ರಾಜೆಕ್ಟ್ ವೈವಾ. ಪ್ರೋಗ್ರಾಮು, ರಿಪೋರ್ಟು ಎಲ್ಲಾ ಇದರಲ್ಲೇ ಇದೆ. ನಂದಷ್ಟೇ ಅಲ್ಲ, ನಾವು ಮೂರು ಜನದ್ದು. ಅವರಿಬ್ಬರ ಮನೇಲಿ ಕಂಪ್ಯೂಟರ್ ಇಲ್ಲ."

"ಬೇರೆ ಕಡೆ ಕಾಪಿ ಇಟ್ಟಿಲ್ವಾ?"

"ಪೆನ್‌ಡ್ರೈವ್ ಲ್ಯಾಬಿಗೆ ಹಾಕಿದ್ರೆ ವೈರಸ್ ಬಂದು ಫೈಲೆಲ್ಲಾ ಶಾರ್ಟ್‌ಕಟ್ ಆಗ್ಬಿಡುತ್ತೆ ಅಕ್ಕ. ಎರಡು ಸಲ ಹಾಗೇ ಆಯ್ತು. ಅದಕ್ಕೇ ಮನೇಲಿರೋದೇ ಸೇಫು ಅಂದ್ಕೊಂಡೆ."

ಮುಚ್ಚಳ ತೆಗೆದೆ. ಒಂದು ಚೂರು ಧೂಳಿಲ್ಲ. ಫಳಫಳ ಹೊಳೆಯುತ್ತಿದೆ. ಆ ಹೊಳಪು ನೋಡಿಯೇ ಅನುಮಾನ ಬಂತು. ಬೆರಳಿಟ್ಟು ನೋಡಿದರೆ ಎಣ್ಣೆ ಬೆರೆತ ನೀರು. ಬೋರ್ಡಿನ ಮೇಲೆ, ರ‍್ಯಾಮಿನ ಸಂದಿಯಲ್ಲಿ, ಡಿಸ್ಕಿನ ಅಡಿಯಲ್ಲಿ, ಎಲ್ಲಾ ಕಡೆ. ಜೊತೆಗೆ ಸುಟ್ಟ ವಾಸನೆ.

"ಏನ್ ಮಾಡಿದ್ರಿ ಇದಕ್ಕೆ?" ಅಂದೆ.

ಶರಣಪ್ಪನವರು ಸಂಕೋಚವಿಲ್ಲದೆ ಹೇಳಿದರು. ಒಂದು ವಾರದಿಂದ ಯಂತ್ರ ಬಿಸಿಯಾಗಿ ಆಫ್ ಆಗುತ್ತಿತ್ತು, ಮಗಳು ಕೆಲಸ ಮಾಡಲಾಗದೆ ಒದ್ದಾಡುತ್ತಿದ್ದಳು. "ನೀವು ಹೇಳಿದ್ರೆಲ್ರಿ ಗಾಳಿ ಹೊಡಸ್ರಿ ಅಂತ. ನಮ್ ಫ್ಯಾಕ್ಟರಿಗೆ ಒಯ್ದು ಏರ್ ಗನ್‌ಲೆ ಹೊಡದೀನ್ರಿ. ಸ್ವಚ್ಛ ಆತು. ಮನಿಗೆ ತಂದು ಸ್ವಿಚ್ ಹಾಕಿದ್ರ ಚಟ್ ಅಂತು."

ಪೀಣ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಕಾರ್ಖಾನೆಯ ಕಂಪ್ರೆಸರ್ ಗಾಳಿ ಒಣ ಗಾಳಿಯಲ್ಲ. ಪೈಪಿನೊಳಗೆ ನೀರು ಕಟ್ಟಿರುತ್ತದೆ, ಎಣ್ಣೆ ಸೇರಿರುತ್ತದೆ. ಕಡೆದ ಕಬ್ಬಿಣದ ಮೇಲಿನ ಚೂರು ಹಾರಿಸಲು ಅದು ಸಾಕು, ಅಲ್ಲಿ ದಿನಾ ಮಾಡುವುದೇ ಅದನ್ನು. ಇಪ್ಪತ್ತು ವರ್ಷ ಪ್ರತಿ ಶಿಫ್ಟು ಮುಗಿದಾಗ ತನ್ನ ಲೇತನ್ನು ಹಾಗೇ ಗಾಳಿ ಹೊಡೆದು ಶುಚಿ ಮಾಡಿದವರಿಗೆ ನಾನು "ಗಾಳಿ ಹೊಡೆಸಿ" ಅಂದಿದ್ದೆ.

ಮುನಿರಾಜಣ್ಣ ಎದ್ದು ಬಂದು ಒಳಗೆ ಬಗ್ಗಿ ನೋಡಿದರು. "ನೀರು ಬಿದ್ದೈತೆ. ವಾರಂಟಿ ಬರಾಕಿಲ್ಲ ಕಣಪ್ಪ. ಯಾರು ನಿಂಗೆ ಇಂಗೆಲ್ಲಾ ಮಾಡು ಅಂದೋರು?"

"ಈ ಮೇಡಮ್ಮಾರ ಹೇಳಿದ್ರಿ."

ಯಜಮಾನರು ನನ್ನ ಕಡೆ ತಿರುಗಿದರು. "ನೀ ಏಳಿದ್ಯಾ ಗೀತಮ್ಮ?"

ಆ ಹಿಂದಿನ ತಿಂಗಳೇ ಒಬ್ಬರ ಬೋರ್ಡ್ ಸುಟ್ಟು ಯಜಮಾನರ ಕೈಲಿ ಬೈಸಿಕೊಂಡಿದ್ದೆ. ಇನ್ನೊಂದಾದರೆ ಮನೆಗೆ ಹೋಗು ಅಂದಿದ್ದರು. ನೆಪ ಹೇಳುತ್ತಿಲ್ಲ, ಆ ಕ್ಷಣ ತಲೆಗೆ ಬಂದದ್ದನ್ನು ಹೇಳುತ್ತಿದ್ದೇನೆ.

"ಬ್ಲೋಯರಲ್ಲಿ ಅಂತ ಹೇಳಿದ್ದೆ ಅಣ್ಣ. ಕಂಪ್ರೆಸರ್ ಅಂತ ನಾನ್ಯಾಕೆ ಹೇಳ್ಲಿ?"

ಬ್ಲೋಯರ್ ಅನ್ನುವ ಪದ ಆ ಭಾನುವಾರ ನನ್ನ ಬಾಯಿಂದ ಬಂದೇ ಇರಲಿಲ್ಲ.

ಶರಣಪ್ಪನವರು ನನ್ನ ಮುಖ ನೋಡಿದರು. ಜಗಳಕ್ಕೆ ಬರುತ್ತಾರೆ ಅಂದುಕೊಂಡೆ, ಬರಲಿಲ್ಲ. ರೇಣುಕಾ ತಿರುಗಿ ಬಿದ್ದದ್ದು ಅಪ್ಪನ ಮೇಲೆ. "ಯಾಕಪ್ಪಾ ಮುಟ್ಟಿದಿ ನೀ? ಅವರೇನ್ ಹೇಳ್ಯಾರ ಅಂತ ನೆಟ್ಟಗ ಕೇಳಿಸ್ಕೊಳ್ಳೋದಿಲ್ಲ. ಎಲ್ಲಾ ಗೊತ್ತು ಅಂತಿ. ಇದೇನ್ ನಿನ್ನ ಲೇತ್ ಅನ್ಕೊಂಡಿಯೇನ? ಮೂರು ಮಂದಿ ವರ್ಷ ಹಾಳ್ ಮಾಡಿದೆಲ್ಲಪಾ!"

"ಇರ್ಲಿ ಬಿಡವಾ," ಅಂದರು ಅವರು. "ನಾನ ತಪ್ಪ ತಿಳಕೊಂಡಿರಬೇಕು." ಅಷ್ಟೇ ಅಂದು ಎರಡನೇ ಶಿಫ್ಟಿಗೆ ಹೊತ್ತಾಯಿತೆಂದು ಹೊರಟುಹೋದರು.

ಯಂತ್ರ ಹೋದರೆ ಹೋಗಲಿ, ಹುಡುಗಿಗೆ ಬೇಕಾಗಿದ್ದದ್ದು ಡಿಸ್ಕ್. ಅದನ್ನು ಬಿಚ್ಚಿ ಹೊರಗೆ ತೆಗೆದೆ. "ಹಾಕಿ ನೋಡಿ ಅಕ್ಕ, ಒಂದ್ಸಲ ಹಾಕಿ ನೋಡಿ," ಅಂತ ಅವಳು ಪಕ್ಕದಲ್ಲೇ ನಿಂತು ಹಟ. ಒದ್ದೆ ಇರುವಾಗ ಕರೆಂಟು ಕೊಟ್ಟರೆ ಉಳಿದದ್ದೂ ಹೋಗುತ್ತದೆ. ಈ ಲೈನಿಗೆ ಬರುವವರು ಇದೊಂದನ್ನು ನೆನಪಿಟ್ಟುಕೊಳ್ಳಿ: ಗಿರಾಕಿ ಅತ್ತರೂ ಸರಿ, ಒದ್ದೆ ಸಾಮಾನಿಗೆ ಸ್ವಿಚ್ ಒತ್ತಬೇಡಿ. ಸ್ಪಿರಿಟ್ಟಿನಲ್ಲಿ ಒರೆಸಿ, ಟೇಬಲ್ ಲ್ಯಾಂಪಿನ ಕೆಳಗೆ ಸಂಜೆವರೆಗೆ ಒಣಗಿಸಿ ಆಮೇಲೆ ಜೋಡಿಸಿದೆ. ಸದ್ದೇ ಇಲ್ಲ. ತಿರುಗಿಸಿ ನೋಡಿದರೆ ಡಿಸ್ಕಿನ ಹೊಟ್ಟೆಗೆ ಅಂಟಿಕೊಂಡಿರುವ ಹಸಿರು ಬೋರ್ಡಿನಲ್ಲಿ ಕಪ್ಪು ಕಲೆ. ಸುಟ್ಟಿತ್ತು.

"ಆಗಲ್ವಾ?" ಅಂದಳು.

"ನಾಳೆ ಬಾ," ಅಂದೆ. ಆಗುತ್ತೆ ಅನ್ನಲಿಲ್ಲ. ಆಗಲ್ಲ ಅನ್ನಲಿಲ್ಲ.

ಒಂದೇ ದಾರಿ ಇತ್ತು. ಒಳಗಿನ ತಟ್ಟೆಗಳು ಚೆನ್ನಾಗಿದ್ದು ಹೊರಗಿನ ಬೋರ್ಡು ಮಾತ್ರ ಸುಟ್ಟಿದ್ದರೆ, ಅಚ್ಚು ಅದೇ ಮಾಡೆಲಿನ ಇನ್ನೊಂದು ಡಿಸ್ಕಿನ ಬೋರ್ಡನ್ನು ಇದಕ್ಕೆ ಹಾಕಿ ಒಮ್ಮೆ ಎಬ್ಬಿಸಬಹುದು. ಎಲ್ಲಾ ಡಿಸ್ಕಿಗೂ ಇದು ನಡೆಯುವುದಿಲ್ಲ, ಈಗಿನವಕ್ಕೆ ಸುಮ್ಮನೆ ಹಾಕಿದರೆ ಆಗುವುದೇ ಇಲ್ಲ. ಆಗಿನ ಕೆಲವಕ್ಕೆ ನಡೆಯುತ್ತಿತ್ತು, ಅದೂ ಒಂದೇ ಲಾಟಿನದ್ದಾದರೆ. ಆ ವೈಟ್‌ಫೀಲ್ಡ್ ಲಾಟಿನಲ್ಲಿ ಉಳಿದಿದ್ದು ಆರು ಯಂತ್ರ. ಆರನ್ನೂ ನೆಲಮಂಗಲದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನವರು ಬುಕ್ ಮಾಡಿದ್ದರು. ಟೆಸ್ಟ್ ಆಗಿ, ಸೀಲ್ ಹಚ್ಚಿ, ಬಾಗಿಲ ಬಳಿ ಜೋಡಿಸಿಟ್ಟಿದ್ದವು. ಟೆಂಪೋ ಗುರುವಾರ ನಾಲ್ಕು ಗಂಟೆಗೆ.

ಗುರುವಾರ ಬೆಳಗ್ಗೆ ಅಪ್ಪ ಮಗಳು ಬಂದರು. ಶರಣಪ್ಪನವರು ರಜೆ ಹಾಕಿ ಬಂದಿದ್ದರು. ಇಬ್ಬರೂ ಬೆಂಚಿನ ಎರಡು ತುದಿಯಲ್ಲಿ ಕೂತರು. ಅವರು ತಂದ ಟಿಫಿನ್ ಡಬ್ಬಿಯನ್ನು ಅವಳ ಕಡೆ ಸರಿಸಿದರೆ, ಅವಳು ನೋಡಲೂ ಇಲ್ಲ.

ಯಜಮಾನರು ಬ್ಯಾಂಕಿಗೆ ಹೋಗಿದ್ದವರು ಬಂದದ್ದು ಹನ್ನೆರಡೂವರೆಗೆ. ಆ ಹೊತ್ತಿನವರೆಗೂ ನಾನು ಸೀಲು ಮುಟ್ಟದೆ ಆ ಆರು ಯಂತ್ರಗಳ ಸುತ್ತ ಸುತ್ತುತ್ತಿದ್ದೆ. ಬಂದ ಕೂಡಲೇ, ಒಂದನ್ನು ಬಿಚ್ಚಲಾ ಅಂತ ಕೇಳಿದೆ.

"ಅಂಗೆಲ್ಲಾ ಆಗಾಕಿಲ್ಲ," ಅಂದರು. "ಸೀಲ್ ಆಗಿರೋ ಮಾಲು ಬಿಚ್ಚಿ, ಅದು ಎಚ್ಚುಕಮ್ಮಿ ಆದ್ರೆ ಅವರಿಗೆ ಏನ್ ಏಳ್ಲಿ?"

"ನಾಲ್ಕರೊಳಗೆ ವಾಪಸ್ ಜೋಡಿಸ್ತೀನಿ ಅಣ್ಣ."

"ಬ್ಯಾಡ ಕಣಮ್ಮ. ಪಾಪ, ಉಡುಗಿ ವಿಷ್ಯ ನಂಗೂ ಬೇಜಾರೇ. ಆದ್ರೆ ಗಿರಾಕಿ ಮಾಡ್ಕೊಂಡ ತೆಪ್ಪಿಗೆ ನಾನ್ಯಾಕೆ ನನ್ ಮಾಲು ಬಿಚ್ಚಿಸ್ಲಿ?"

ಬೆಂಚಿನ ಮೇಲೆ ಕೂತಿದ್ದವರಿಗೆ ಎಲ್ಲಾ ಕೇಳಿಸುತ್ತಿತ್ತು. ಗಡಿಯಾರ ನೋಡಿದೆ. ಹನ್ನೆರಡು ನಲವತ್ತು.

"ಗಿರಾಕಿ ತಪ್ಪಲ್ಲ ಅಣ್ಣ," ಅಂದೆ. "ನಿನ್ನೆ ಸುಳ್ಳು ಹೇಳ್ದೆ. ಬ್ಲೋಯರ್ ಅಂತ ನಾನು ಹೇಳೇ ಇಲ್ಲ. ಗಾಳಿ ಹೊಡೆಸಿ ಅಂತಷ್ಟೇ ಹೇಳಿದ್ದು. ಎಷ್ಟು ಪ್ರೆಶರ್ ಅಂತ ಇವರು ಕೇಳಿದ್ರು. ಉತ್ತರ ಹೇಳೋದು ಬಿಟ್ಟು ನಕ್ಕೆ."

ಮುನಿರಾಜಣ್ಣ ಕೈಲಿದ್ದ ಪಾಸ್‌ಬುಕ್ಕನ್ನು ಮೇಜಿಗೆ ಬಡಿದರು. ಆಮೇಲೆ ಅಂದದ್ದೆಲ್ಲಾ ಇಲ್ಲಿ ಬರೆಯುವಂಥದ್ದಲ್ಲ. ಕೊನೆಗೆ, "ಬಿಚ್ಚು ಹೋಗು. ಆ ಬೋರ್ಡೂ ಸುಟ್ಟೋಯ್ತು ಅಂದ್ರೆ ನೀನು ಇಲ್ಲಿಗೆ ಬರಾದು ಬ್ಯಾಡ," ಅಂದರು.

ಸೀಲು ಹರಿದು ಡಿಸ್ಕ್ ಹೊರತೆಗೆದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನಂಬರ್ ಓದಿದೆ. ಒಂದೇ. ಬೋರ್ಡು ಹಿಡಿದಿರುವುದು ನಕ್ಷತ್ರದ ಆಕಾರದ ತಲೆಯ, ಅಕ್ಕಿ ಕಾಳಿನಷ್ಟು ಸ್ಕ್ರೂಗಳು. ಸ್ಕ್ರೂಡ್ರೈವರ್ ಇಟ್ಟರೆ ಜಾರುತ್ತಿದೆ. ಇನ್ನೊಂದು ಸಲ ಜಾರಿದರೆ ತಲೆ ಸವೆದು ಆ ಸ್ಕ್ರೂ ಬರುವುದೇ ಇಲ್ಲ.

ಪಕ್ಕಕ್ಕೆ ಒಂದು ನೆರಳು ಬಂತು. "ಕೊಡ್ರಿ ಇಲ್ಲೆ," ಅಂದರು ಶರಣಪ್ಪನವರು. "ಹಂಗ ಹಿಡಿದ್ರ ಜಾರತೈತಿ."

ಕೊಟ್ಟೆ. ಅವರು ಮೊದಲು ಸ್ಕ್ರೂಡ್ರೈವರಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮೊಣಕೈ ಮೇಜಿಗೆ ಊರಿ, ಅಂಗೈಯಿಂದ ಮೇಲಿನಿಂದ ಅದುಮಿ, ಕೂದಲೆಳೆಯಷ್ಟು ತಿರುಗಿಸಿದರು. ಟಕ್ ಅಂತ ಬಿಟ್ಟಿತು. ಎರಡು ಡಿಸ್ಕಿನ ಅಷ್ಟೂ ಸ್ಕ್ರೂಗಳನ್ನು ಒಂದೇ ಒಂದು ಗೀರು ಇಲ್ಲದೆ ತೆಗೆದು, ಬಂದ ಕ್ರಮದಲ್ಲೇ ಕಾಗದದ ಮೇಲೆ ಸಾಲಾಗಿ ಇಟ್ಟರು.

ಒಳ್ಳೆಯ ಬೋರ್ಡನ್ನು ಕೆಟ್ಟ ಡಿಸ್ಕಿಗೆ ಕೂರಿಸಿ, ನನ್ನ ಟೆಸ್ಟಿಂಗ್ ಯಂತ್ರಕ್ಕೆ ಜೋಡಿಸಿ, ಸ್ವಿಚ್ಚಿನ ಮೇಲೆ ಬೆರಳಿಟ್ಟೆ. ಈ ಬೋರ್ಡೂ ಸುಟ್ಟರೆ ಹುಡುಗಿಯ ಕೆಲಸವೂ ಇಲ್ಲ, ನನ್ನ ಕೆಲಸವೂ ಇಲ್ಲ. ರೇಣುಕಾ ಎರಡೂ ಕಿವಿ ಮುಚ್ಚಿಕೊಂಡಳು. ಒತ್ತಿದೆ.

ಸದ್ದಿಲ್ಲ. ಒಂದು, ಎರಡು, ಮೂರು ಸೆಕೆಂಡ್. ಆಮೇಲೆ ಜೇನು ಗುಂಯ್‌ಗುಟ್ಟಿದ ಹಾಗೆ ತಿರುಗಲು ಶುರುವಾಯಿತು. ಒಂದು ಸಲ ಕಟ್ ಅಂತು, ನಿಂತಿತು, ಮತ್ತೆ ತಿರುಗಿತು. ಪರದೆ ಮೇಲೆ ಡಿಸ್ಕಿನ ಹೆಸರು ಬಂತು. ಒಳಗೆ ಅವಳ ಫೋಲ್ಡರ್.

"ಮುಟ್ಬೇಡ, ತೆಗೀಬೇಡ, ನೋಡ್ಬೇಡ," ಅಂದೆ. "ಮೊದ್ಲು ಕಾಪಿ."

ಕಾಪಿ ಆಮೆಯ ಹಾಗೆ ಹೋಗುತ್ತಿತ್ತು. ಎರಡು ಐವತ್ತಕ್ಕೆ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಆಗಿರುವಾಗ, ಕರೆಂಟು ಹೋಯಿತು.

ಅಂಗಡಿಯ ಯುಪಿಎಸ್ ಹಳೆಯದು. ಕೂಗಲು ಶುರುಮಾಡಿದರೆ ಹತ್ತು ನಿಮಿಷ ಸಹ ಭರವಸೆಯಿಲ್ಲ. ನಾನು ಕುರ್ಚಿಯಿಂದ ಏಳುವ ಮೊದಲೇ ಮುನಿರಾಜಣ್ಣ ಪಂಚೆ ಎತ್ತಿ ಕಟ್ಟಿ ಓಡಿದರು. ಶೋಕೇಸಿನಲ್ಲಿ ಓಡುತ್ತಿದ್ದ ನಾಲ್ಕು ಯಂತ್ರಗಳ ಪ್ಲಗ್ಗು ಕಿತ್ತರು, ಫ್ಯಾನು ಆರಿಸಿದರು, ದೇವರ ಪಟದ ಮುಂದಿನ ಸೀರಿಯಲ್ ಲೈಟನ್ನೂ ಎಳೆದು ಬಿಸಾಕಿದರು. "ಮಾನಿಟರೂ ಆಫ್ ಮಾಡಮ್ಮ, ಅದೇ ಜಾಸ್ತಿ ಎಳೀತದೆ!"

ಮಾಡಿದೆ. ಈಗ ಎಷ್ಟು ಕಾಪಿಯಾಗಿದೆ ಅಂತ ಕೂಡ ಗೊತ್ತಾಗುತ್ತಿರಲಿಲ್ಲ. ಮಬ್ಬುಗತ್ತಲೆಯ ಅಂಗಡಿಯಲ್ಲಿ ನಾಲ್ಕು ಜನ, ಯುಪಿಎಸ್ಸಿನ ಕೀಂ ಕೀಂ, ಸಣ್ಣದೊಂದು ಕೆಂಪು ದೀಪದ ಮಿಣುಕು. ಆ ದೀಪ ಮಿಣುಕುತ್ತಿದ್ದರೆ ಡಿಸ್ಕ್ ಓದುತ್ತಿದೆ ಅಂತ ಅರ್ಥ. ಅದನ್ನೇ ನೋಡುತ್ತಾ ನಿಂತೆವು. ಕೂಗು ಜೋರಾಯಿತು. ಎಡೆಬಿಡದೆ ಕೂಗತೊಡಗಿತು. ಅಷ್ಟರಲ್ಲಿ ದೀಪದ ಮಿಣುಕು ನಿಂತಿತು. ಮಾನಿಟರ್ ಹಾಕಿದೆ. ಕಾಪಿಯ ಡಬ್ಬಿ ಪರದೆಯ ಮೇಲಿರಲಿಲ್ಲ. ಮುಗಿದಿತ್ತು. ರಿಪೋರ್ಟು ತೆರೆದೆ, ಮೊದಲ ಪುಟದಲ್ಲಿ ಮೂವರು ಹುಡುಗಿಯರ ಹೆಸರು. ಎಲ್ಲಾ ಬಂದ್ ಮಾಡುವಷ್ಟರಲ್ಲಿ ಯುಪಿಎಸ್ ಸತ್ತಿತು.

ಮೂರೂಕಾಲಿಗೆ ಕರೆಂಟು ಬಂದಮೇಲೆ ಎರಡು ಸಿಡಿ ಬರೆದು ಅವಳ ಕೈಗೆ ಕೊಟ್ಟೆ. ಶರಣಪ್ಪನವರು ಎರಡೂ ಬೋರ್ಡುಗಳನ್ನು ಅವುಗಳ ಜಾಗಕ್ಕೆ ಕೂರಿಸಿದರು. ಟೆಂಪೋದವನು ಬಂದು ಹಾರ್ನ್ ಹೊಡೆದಾಗ ಬಿಚ್ಚಿದ್ದ ಆ ಒಂದು ಯಂತ್ರಕ್ಕೆ ಹೊಸ ಸೀಲು ಹಚ್ಚುತ್ತಿದ್ದೆ.

ರೇಣುಕಾ ಸಿಡಿಗಳನ್ನು ಎದೆಗವಚಿಕೊಂಡು ಅಪ್ಪನ ಮುಂದೆ ನಿಂತಿದ್ದಳು. "ಅಪ್ಪಾ, ನಿನ್ನೆ ನೀ ಯಾಕ ಹೇಳ್ಲಿಲ್ಲ?"

"ಹೇಳಿದ್ನೆಲ್ಲವಾ. ಮೇಡಮ್ಮಾರು ಇಲ್ಲ ಅಂದ್ರು."

ಅವಳು ಟಿಫಿನ್ ಡಬ್ಬಿ ತೆಗೆದು ಬಿಚ್ಚಿ, ಅಲ್ಲೇ ಬೆಂಚಿನ ಮೇಲೆ ಅವರ ಪಕ್ಕ ಕೂತು ತಣ್ಣಗಾದ ರೊಟ್ಟಿ ಮುರಿದಳು. ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡದಿದ್ದದ್ದೇ ಸರಿ.

ಆ ವಾರದಿಂದ ನಾನು ಮಾರುವ ರೀತಿ ಬದಲಾಯಿತು. ಯಂತ್ರ ಕೊಡುವ ಮುಂಚೆ ಗಿರಾಕಿ ಕೈಯಲ್ಲೇ ಮುಚ್ಚಳ ತೆಗೆಸಿ, ಬಣ್ಣ ಹೊಡೆಯುವ ಒಣ ಬ್ರಶ್ಶು ಕೊಟ್ಟು, ಫ್ಯಾನು ಎಲ್ಲಿದೆ, ಹೇಗೆ ಒರೆಸಬೇಕು ಅಂತ ಮಾಡಿಸಿ ನೋಡುತ್ತಿದ್ದೆ. ನೀವೇನು ಕೆಲಸ ಮಾಡುತ್ತೀರಿ, ಮನೆಯಲ್ಲಿ ಇದನ್ನು ಎಲ್ಲಿ ಇಡುತ್ತೀರಿ ಅಂತ ಕೇಳುತ್ತಿದ್ದೆ. "ಎಣ್ಣು ಕೊಡ್ತಾ ಇದ್ದೀಯೇನಮ್ಮ, ಇಷ್ಟೆಲ್ಲಾ ಇಚಾರ್ಸಾಕೆ?" ಅಂತ ಮುನಿರಾಜಣ್ಣ ರೇಗಿಸುತ್ತಿದ್ದರು. ರೇಗಿಸಲಿ. ಹೊಸಬರು ಯಾರಾದರೂ ಬರುವವರಿದ್ದರೆ, ರಿಪೇರಿಗಿಂತ ಮೊದಲು ಇದನ್ನು ಕಲಿತು ಬನ್ನಿ: ನಿಮ್ಮ ಮಾತು ಕೇಳಿದವರು ಮನೆಗೆ ಹೋಗಿ, ತಮ್ಮ ಕೈಗೆ ಗೊತ್ತಿರುವ ರೀತಿಯಲ್ಲೇ ಅದನ್ನು ಮಾಡುತ್ತಾರೆ.

ಆ ಶುಕ್ರವಾರ, ವೈವಾ ದಿನ, ಬೆಳಗ್ಗೆಯಿಂದ ಅಂಗಡಿಯ ಫೋನು ಬಡಿದಾಗಲೆಲ್ಲಾ ಎದ್ದು ಓಡಿದೆ. ಒಂದು ಗಂಟೆ ಹೊತ್ತಿಗೆ ಶರಣಪ್ಪನವರೇ ಬಂದರು, ಶಿಫ್ಟಿಗೆ ಹೋಗುವ ದಾರಿಯಲ್ಲಿ, ಒಬ್ಬರೇ.

"ಮುಗೀತ್ರಿ. ಚಲೋ ಆತಂತ," ಅಂದರು.

"ಕೂತ್ಕೊಳ್ಳಿ, ಟೀ ತರಿಸ್ತೀನಿ."

"ಬ್ಯಾಡ್ರಿ, ಹೊತ್ತಾಗ್ತೈತಿ." ಮೆಟ್ಟಿಲಿಳಿದವರು ನಿಂತರು. "ಮೇಡಂ, ಬುಧವಾರ ನೀವು ಇಲ್ಲ ಅಂದಾಗ ನನಗ ನಿಮ್ಮ ಮ್ಯಾಲ ಸಿಟ್ಟ ಬರಲಿಲ್ರಿ. ಅಂಗಡ್ಯಾಗ ದುಡಿಯೋರು, ಯಜಮಾನ್ರ ಅಂಜಿಕಿ ಇರ್ತೈತಿ, ನಂಗೊತ್ತೈತಿ. ನನ್ನ ಮಗಳು ನಿಮ್ಮನ್ನ ನಂಬಿದ್ಲು ನೋಡ್ರಿ, ನನ್ನ ನಂಬಲಿಲ್ಲ. ಅದು ಮನಸಿಗೆ ಹತ್ತಿತ್ರಿ."

ಬಸ್ ಬಂತು, ಹೋದರು. ಅವರ ಸಿಪಿಯುಗೆ ಬೇರೆ ಬೋರ್ಡು ಹಾಕಿ ಮುಂದಿನ ವಾರ ನಾನೇ ಮನೆಗೆ ತಲುಪಿಸಿದೆ. ಅವರು ಶಿಫ್ಟಿನಲ್ಲಿದ್ದರು, ಸಿಗಲಿಲ್ಲ. ಆಮೇಲೆ ನಮ್ಮ ಅಂಗಡಿಗೆ ಅವರು ಬರಲಿಲ್ಲ.

ಅಂಗಡಿಯಲ್ಲೋ, ಆಫೀಸಿನಲ್ಲೋ, ಆಸ್ಪತ್ರೆಯಲ್ಲೋ ಕೌಂಟರಿನ ಹಿಂದೆ ಕೂತವರು ತಮ್ಮ ತಪ್ಪನ್ನು ನಿಮ್ಮ ಅಪ್ಪನ ಮೇಲೋ ಅಮ್ಮನ ಮೇಲೋ ಹಾಕಿದ್ದು, ನೀವೂ ಅದನ್ನೇ ನಂಬಿ ಮನೆಯವರನ್ನು ಬೈದದ್ದು ಇದ್ದರೆ, ಕೆಳಗೆ ಬರೆಯಿರಿ. ನನ್ನ ಹಾಗೆ ಕೌಂಟರಿನ ಹಿಂದೆ ಕೂತವರಾಗಿದ್ದರೂ ಬರೆಯಿರಿ. ಹೆಸರು ಹಾಕದಿದ್ದರೂ ಪರವಾಗಿಲ್ಲ, ಒಂದೊಂದನ್ನೂ ಓದುತ್ತೇನೆ.